ಪ್ಲಾಸ್ಮಾದ ಸಿಎಫ್‌ಡಿಎನ್‌ಎ ಎಷ್ಟಿದೆ, ಎಷ್ಟುದ್ದವಿದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಲ್ಯಾಬ್ ಟೆಕ್ನೀಷಿಯನ್ನರು, ಎಂಎಸ್ಸಿ ಮತ್ತು ಎಂಡಿ ವಿದ್ಯಾರ್ಥಿಗಳು, ಆಗೊಮ್ಮೆ ಈಗೊಮ್ಮೆ ರೋಗಿಗಳ ಮನೆಯವರು ಮತ್ತೆ ಮತ್ತೆ ಕೇಳುವುದನ್ನು ಇಲ್ಲಿ ಸೇರಿಸಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದೆ. ಸುಲಭದವು ಮೊದಲು, ಲೆಕ್ಕದವು ಆಮೇಲೆ. ನಿಮಗೆ ಬೇಕಾದ ಒಂದನ್ನೇ ಓದಿದರೂ ಅರ್ಥವಾಗುತ್ತದೆ.

## ಶುರುವಿನವು

ಸಿಎಫ್‌ಡಿಎನ್‌ಎ ಅಂದ್ರೆ ಏನು ಸಾರ್? ರಕ್ತದಲ್ಲಿ ಡಿಎನ್‌ಎ ಬಿಳಿಕಣಗಳಲ್ಲಿ ಹೇಗೂ ಇದ್ದೇ ಇದೆಯಲ್ಲ?

ಇದೆ, ಬೇಕಾದಷ್ಟಿದೆ. ತೊಂದರೆ ಶುರುವಾಗುವುದೂ ಅಲ್ಲೇ. ನಾವು ಅಳೆಯಬೇಕಾದ್ದು ಯಾವ ಜೀವಕೋಶದ ಒಳಗೂ ಇಲ್ಲದೆ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣಗಳನ್ನು ಬಿಟ್ಟು ಉಳಿಯುವ ದ್ರವದಲ್ಲಿ, ತೇಲುವ ಡಿಎನ್‌ಎ ಚೂರುಗಳನ್ನು. ಸೆಲ್-ಫ್ರೀ ಡಿಎನ್‌ಎ, ಚಿಕ್ಕದಾಗಿ ಸಿಎಫ್‌ಡಿಎನ್‌ಎ, ಅಂದರೆ ಇವೇ. ಸತ್ತ ಜೀವಕೋಶಗಳಿಂದ, ಹೆಚ್ಚಾಗಿ ರಕ್ತಕಣಗಳ ವಂಶದವುಗಳಿಂದ, ಅವು ಬರುತ್ತವೆ. ಮ್ಯಾಂಡೆಲ್ ಮತ್ತು ಮೆಟೇ ಇದನ್ನು 1948ರಲ್ಲೇ ವರದಿ ಮಾಡಿದ್ದರು. ಗರ್ಭಿಣಿಯ ಪ್ಲಾಸ್ಮಾದಲ್ಲಿ ಭ್ರೂಣದ ಡಿಎನ್‌ಎ ಇದೆ ಎಂದು ಡೆನಿಸ್ ಲೋ ತಂಡ 1997ರಲ್ಲಿ ತೋರಿಸಿತು.

ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಒಂದು ಮಿಲಿಲೀಟರ್ ರಕ್ತದಲ್ಲಿ 70 ಲಕ್ಷ ಬಿಳಿಕಣಗಳಿದ್ದರೆ, ಒಂದೊಂದರಲ್ಲಿ 6.6 ಪಿಕೋಗ್ರಾಂನಂತೆ ಒಟ್ಟು ಸುಮಾರು 46,000 ನ್ಯಾನೊಗ್ರಾಂ ಡಿಎನ್‌ಎ ಆಯಿತು. ಅದೇ ರಕ್ತದ ಪ್ಲಾಸ್ಮಾದಲ್ಲಿ ಸಿಎಫ್‌ಡಿಎನ್‌ಎ ಇರುವುದು 3 ನ್ಯಾನೊಗ್ರಾಂ ಆಸುಪಾಸು. ಅಂದರೆ ಹದಿನೈದು ಸಾವಿರ ಬಿಳಿಕಣಗಳಲ್ಲಿ ಒಂದೇ ಒಂದು ಟ್ಯೂಬಿನೊಳಗೆ ಒಡೆದರೂ ನಿಮ್ಮ ಅಂಕಿ ಎರಡು ಪಟ್ಟಾಗುತ್ತದೆ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಬಹುಪಾಲು ಈ ಒಂದು ಕಾರಣಕ್ಕೇ.

ಎಲ್ಲರೂ 167, 167 ಅಂತಾರೆ. ಆ ಸಂಖ್ಯೆ ಎಲ್ಲಿಂದ ಬಂತು?

ಜೀವಕೋಶದಲ್ಲಿ ಡಿಎನ್‌ಎ ಹಿಸ್ಟೋನ್ ಪ್ರೋಟೀನಿಗೆ ಬುಗುರಿಗೆ ಚಾಟಿ ಸುತ್ತಿದ ಹಾಗೆ ಸುತ್ತಿಕೊಂಡಿರುತ್ತದೆ. ಹೀಗೆ ಸುತ್ತಿದ ಒಂದು ಉಂಡೆಗೆ, ಅಂದರೆ ಒಂದು ನ್ಯೂಕ್ಲಿಯೋಸೋಮಿಗೆ, 147 ಬೇಸ್ ಜೋಡಿ (ಡಿಎನ್‌ಎ ಉದ್ದದ ಅಳತೆ ಇದೇ). ಅದರ ಜೊತೆಗೆ ಎಚ್1 ಹಿಸ್ಟೋನ್ ಕಾಯುವ ಸುಮಾರು 20. ಜೀವಕೋಶ ಸಾಯುವಾಗ ಕಿಣ್ವಗಳು ಸುತ್ತುಗಳ ನಡುವಿನ ಬಯಲು ಭಾಗವನ್ನು ಕತ್ತರಿಸುತ್ತವೆ, ಸುತ್ತಿಕೊಂಡದ್ದು ಉಳಿಯುತ್ತದೆ. ಹಾಗಾಗಿ ಚೂರುಗಳ ಉದ್ದದ ಗ್ರಾಫಿನಲ್ಲಿ ಮುಖ್ಯ ಶಿಖರ 166–167ರಲ್ಲಿ, ಎರಡು ನ್ಯೂಕ್ಲಿಯೋಸೋಮಿನದು 330–340ರ ಹತ್ತಿರ, ಮೂರರದ್ದು 500ರ ಹತ್ತಿರ ಬರುತ್ತದೆ. ಮೂರನೆಯದು ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ.

ನಮ್ಮ ತಂದೆಯವರ ರಿಪೋರ್ಟಲ್ಲಿ ಮಿಲಿಲೀಟರ್‌ಗೆ 18 ನ್ಯಾನೊಗ್ರಾಂ ಅಂತ ಇದೆ. ಕ್ಯಾನ್ಸರಾ?

ಆ ಒಂದು ಅಂಕಿಯಿಂದ ಹಾಗೆ ಹೇಳಲು ಬರುವುದಿಲ್ಲ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರ್ ಪ್ಲಾಸ್ಮಾಗೆ 1ರಿಂದ 10 ನ್ಯಾನೊಗ್ರಾಂ ಇರುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು. ಸೋಂಕು, ಪೆಟ್ಟು, ಆಪರೇಷನ್, ಹೃದಯಾಘಾತ, ಲೂಪಸ್, ಗರ್ಭ, ಇವೆಲ್ಲ ಅದನ್ನು ಏರಿಸುತ್ತವೆ. ಜೋರಾಗಿ ಓಡಿ ಬಂದು ರಕ್ತ ಕೊಟ್ಟರೂ ಏರುತ್ತದೆ. ರಕ್ತದಲ್ಲಿ ಈ ಚೂರುಗಳ ಅರ್ಧಾಯುಷ್ಯ ಹದಿನೈದಿಪ್ಪತ್ತು ನಿಮಿಷದಿಂದ ಎರಡೂವರೆ ಗಂಟೆ ಅಷ್ಟೇ. ಆದ್ದರಿಂದ ಅಂಕಿ ಆ ಹೊತ್ತಿನದ್ದು, ಖಾಯಂ ಅಲ್ಲ. ಟ್ಯೂಬು ಹೆಚ್ಚು ಹೊತ್ತು ನಿಂತಿದ್ದರೂ 18 ಬಂದೀತು. ರಿಪೋರ್ಟನ್ನು ಬರೆದುಕೊಟ್ಟ ವೈದ್ಯರಿಗೇ ತೋರಿಸಿ.

## ರಕ್ತ, ಟ್ಯೂಬು, ಸೆಂಟ್ರಿಫ್ಯೂಜ್

ಯಾವ ಬಣ್ಣದ ಮುಚ್ಚಳದ ಟ್ಯೂಬು? ಸೀರಂ ಉಳಿದಿದೆ, ಅದರಲ್ಲೇ ಮಾಡಬಹುದಾ?

ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು, ಇಲ್ಲವೇ ಬಿಳಿಕಣ ಒಡೆಯದಂತೆ ರಾಸಾಯನಿಕ ಹಾಕಿರುವ ಸ್ಟ್ರೆಕ್ ಮಾದರಿಯ ಟ್ಯೂಬು. ಹಸಿರು ಮುಚ್ಚಳದ್ದು ಬೇಡ, ಅದರ ಹೆಪಾರಿನ್ ಪಿಸಿಆರ್ ಅನ್ನು (ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ತಡೆಯುತ್ತದೆ. ಸೀರಂ ಕೂಡ ಬೇಡ. ರಕ್ತ ಹೆಪ್ಪುಗಟ್ಟುವಾಗ ಬಿಳಿಕಣಗಳು ಒಡೆದು ಉದ್ದ ಡಿಎನ್‌ಎ ಸುರಿಯುತ್ತವೆ. ಸೀರಮ್ಮಿನಲ್ಲಿ ಅಂಕಿ ದೊಡ್ಡದಾಗಿ ಬರುವುದನ್ನು ನೋಡಿ ‘ಇಳುವರಿ ಚೆನ್ನಾಗಿದೆ’ ಎಂದು ಖುಷಿಪಡುವವರಿದ್ದಾರೆ. ಅದು ಕಲಬೆರಕೆಯ ಇಳುವರಿ.

ಕೋಲಾರದಲ್ಲಿ ಬೆಳಗ್ಗೆ ತೆಗೆದ ರಕ್ತವನ್ನ ಸಂಜೆ ಬೆಂಗಳೂರಿಗೆ ಕಳಿಸಿದ್ರೆ ಆಗುತ್ತಾ?

ಇಡಿಟಿಎ ಟ್ಯೂಬಾದರೆ ಆಗುವುದಿಲ್ಲ. ಎರಡರಿಂದ ನಾಲ್ಕು ಗಂಟೆಯೊಳಗೆ ಪ್ಲಾಸ್ಮಾ ಬೇರೆಯಾಗಬೇಕು. ಆರು ಗಂಟೆ ದಾಟಿದ್ದನ್ನು ಬಿಟ್ಟುಬಿಡುವುದೇ ಒಳ್ಳೆಯದು. ಕಾಗದದ ಮೇಲೆ ಕೋಲಾರದಿಂದ, ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್. ಆದರೆ ಕೆ.ಆರ್. ಪುರ, ಹೆಬ್ಬಾಳ, ಗೊರಗುಂಟೆಪಾಳ್ಯಗಳಲ್ಲಿ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಯಾರೂ ಮಾತು ಕೊಡಲಾರರು. ಪಾವಗಡ, ಬಾಗೇಪಲ್ಲಿ ಕಡೆಯಿಂದಾದರೆ ಕೇಳುವುದೇ ಬೇಡ. ದಾರಿ ಎರಡು:

ಒಂದು, ರಕ್ತ ತೆಗೆದ ಊರಲ್ಲೇ ಎರಡೂ ಸಲ ಸೆಂಟ್ರಿಫ್ಯೂಜ್ ಮಾಡಿ, ಪ್ಲಾಸ್ಮಾವನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ, ಡ್ರೈ ಐಸ್‌ನಲ್ಲಿ ಕಳಿಸುವುದು. ಖರ್ಚಾಗುವುದು ಟ್ಯೂಬಿಗಲ್ಲ, ಡ್ರೈ ಐಸಿಗೆ.

ಎರಡು, ಸ್ಟ್ರೆಕ್ ಟ್ಯೂಬಿನಲ್ಲಿ ತೆಗೆದು ಕೋಣೆಯ ತಾಪದಲ್ಲೇ ಕಳಿಸುವುದು. 6ರಿಂದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು 14 ದಿನ ತಡೆಯುತ್ತದೆ. ಗುರುತಿನ ಗೆರೆವರೆಗೂ ರಕ್ತ ತುಂಬಿರಬೇಕು, ತೆಗೆದ ತಕ್ಷಣ ಎಂಟು–ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಅಲುಗಾಡಿಸಬಾರದು. ಫ್ರಿಜ್ಜಿಗೆ ಹಾಕಬಾರದು. ಐಸ್ ಪ್ಯಾಕಿಗೆ ತಾಗಿಸಿಡುವುದು ಎಷ್ಟು ತಪ್ಪೋ, ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡುವುದೂ ಅಷ್ಟೇ ತಪ್ಪು. ಹೆಪ್ಪುಗಟ್ಟಿಸದ ಜೆಲ್ ಪ್ಯಾಕನ್ನು ಥರ್ಮೋಕೋಲ್ ಡಬ್ಬಿಯಲ್ಲಿ ಜೊತೆಗಿಟ್ಟರೆ ತಾಪ ಬೇಗ ಏರುವುದಿಲ್ಲ.

ನಮ್ಮ ಮಟ್ಟಿಗೆ, ತಾಲ್ಲೂಕು ಮಟ್ಟದಲ್ಲಿ ರಕ್ತ ತೆಗೆಯುವ ಯಾವುದೇ ಅಧ್ಯಯನಕ್ಕೆ ಎರಡನೆಯದೇ ಸರಿ. ಒಂದೇ ಅಧ್ಯಯನದಲ್ಲಿ ಅರ್ಧ ಇದು, ಅರ್ಧ ಅದು ಮಾತ್ರ ಮಾಡಬೇಡಿ.

ಎರಡು ಸಲ ಸ್ಪಿನ್ ಯಾಕೆ? ನಮ್ಮ ಮಷಿನ್ನಲ್ಲಿ ಜಿ ಇಲ್ಲ, ಆರ್‌ಪಿಎಂ ಮಾತ್ರ ಇದೆ.

ಜಿ ಅಂದರೆ ಭೂಮಿಯ ಗುರುತ್ವದ ಎಷ್ಟು ಪಟ್ಟು ಬಲ ಎಂಬುದು, ಆರ್‌ಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. ಮೊದಲ ಸಲ 1,600 ಜಿ, 10 ನಿಮಿಷ. ಇದರಲ್ಲಿ ಕಣಗಳು ಕೆಳಗಿಳಿಯುತ್ತವೆ. ಎರಡನೇ ಸಲ 16,000 ಜಿ, 10 ನಿಮಿಷ. ಉಳಿದ ಬಿಳಿಕಣ, ಒಡೆದ ಕಣದ ತುಣುಕು ಇದರಲ್ಲಿ ಹೋಗುತ್ತವೆ. ಒಂದೇ ಸಲ ಮಾಡಿ ಹೆಪ್ಪುಗಟ್ಟಿಸಿದರೆ ಪ್ಲಾಸ್ಮಾದಲ್ಲಿ ಉಳಿದ ನಾಲ್ಕಾರು ಬಿಳಿಕಣಗಳು ಕರಗಿಸುವಾಗ ಒಡೆಯುತ್ತವೆ. ಆಮೇಲೆ ಎಷ್ಟು ಸ್ಪಿನ್ ಮಾಡಿದರೂ ಅದು ಹಿಂದೆ ಹೋಗುವುದಿಲ್ಲ.

ಆರ್‌ಪಿಎಂ ಲೆಕ್ಕಕ್ಕೆ ಸೂತ್ರ: ಜಿ = 0.00001118 × ತ್ರಿಜ್ಯ (ಸೆಂಟಿಮೀಟರ್‌ನಲ್ಲಿ) × ಆರ್‌ಪಿಎಂ × ಆರ್‌ಪಿಎಂ. ರೋಟರಿನ ನಡುವಿನಿಂದ, ತಿರುಗುವಾಗ ಟ್ಯೂಬಿನ ತಳ ಇರುವ ಜಾಗದವರೆಗೆ ಸ್ಕೇಲಿಟ್ಟು ಅಳೆಯಿರಿ. 16 ಸೆಂಟಿಮೀಟರ್ ಇದ್ದರೆ 1,600 ಜಿಗೆ 3,000 ಆರ್‌ಪಿಎಂ. 10 ಇದ್ದರೆ ಸುಮಾರು 3,800. ‘3,000 ಆರ್‌ಪಿಎಂ’ ಎಂದಷ್ಟೇ ಬರೆದುಕೊಟ್ಟ ವಿಧಾನ ಬೇರೆ ಊರಿನ ಬೇರೆ ಮಷಿನ್ನಿನಲ್ಲಿ ಕೆಲಸಕ್ಕೆ ಬಾರದು.

ಮೊದಲ ಸ್ಪಿನ್ನಿಗೆ ಬ್ರೇಕ್ ತೆಗೆದಿಡಿ ಅಥವಾ ಕಡಿಮೆ ಮಾಡಿ, ಗಕ್ಕನೆ ನಿಂತರೆ ಬಿಳಿಕಣದ ಪದರ ಮೇಲೇಳುತ್ತದೆ. ಪ್ಲಾಸ್ಮಾ ಹೀರುವಾಗ ಆ ಬಿಳಿ ಪದರದ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟುಬಿಡಿ. 10 ಮಿಲಿಲೀಟರ್ ಟ್ಯೂಬಿಗೆ ನಾಲ್ಕು, ಹೆಚ್ಚೆಂದರೆ ಐದು ಮಿಲಿಲೀಟರ್ ಪ್ಲಾಸ್ಮಾ ಸಿಗುತ್ತದೆ. ಕೊನೆಯ ಹನಿಯ ಆಸೆಗೆ ಹೋಗಿ ಇಡೀ ಮಾದರಿ ಕೆಡಿಸಿಕೊಳ್ಳುವುದು ಇಲ್ಲೇ.

ಪ್ಲಾಸ್ಮಾ ಕೆಂಪಗೆ ಬಂದಿದೆ, ಮುಂದುವರಿಸಲಾ?

ತೆಳು ಗುಲಾಬಿಯಾದರೆ ನಮೂದಿಸಿಕೊಂಡು ಮುಂದುವರಿಸಿ. ಕೆಂಪುಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಅದು ಒಡೆದದ್ದರಿಂದಲೇ ಡಿಎನ್‌ಎ ಹೆಚ್ಚುವುದಿಲ್ಲ. ಆದರೆ ಕೆಂಪುಕಣ ಒಡೆಯುವಷ್ಟು ಒರಟಾಗಿ ನಡೆದಿದ್ದರೆ ಬಿಳಿಕಣವೂ ಒಡೆದಿರಬಹುದು, ಹಿಮೋಗ್ಲೋಬಿನ್ ಪಿಸಿಆರ್‌ಗೂ ಅಡ್ಡಿ. ಕಡು ಕೆಂಪಾದರೆ ಮತ್ತೆ ರಕ್ತ ಕೇಳಿ. ಅನುಮಾನವಿದ್ದರೆ 414 ನ್ಯಾನೊಮೀಟರ್‌ನಲ್ಲಿ ಓದಿ, ಹಿಮೋಗ್ಲೋಬಿನ್ ಇದ್ದರೆ ಅಲ್ಲಿ ಶಿಖರ ಏಳುತ್ತದೆ. ತೀರಾ ಸಣ್ಣ ಸೂಜಿ, ಸಿರಿಂಜಿನಿಂದ ಒತ್ತಿ ಟ್ಯೂಬಿಗೆ ತುಂಬಿಸುವುದು, ಇವೇ ಮಾಮೂಲಿ ಕಾರಣಗಳು.

ಕರೆಂಟ್ ಹೋಗಿ ಫ್ರೀಜರ್ ಕರಗಿದ್ರೆ?

ಬಾಗಿಲು ತೆಗೆಯಬೇಡಿ. ಮೈನಸ್ 80ರ ಫ್ರೀಜರ್ ತುಂಬಿದ್ದರೆ ಹಲವು ಗಂಟೆ ತಡೆಯುತ್ತದೆ. ಕರಗಿಯೇ ಬಿಟ್ಟಿದ್ದರೆ ಮತ್ತೆ ಹೆಪ್ಪುಗಟ್ಟಿಸದೆ ಅಂದೇ ಡಿಎನ್‌ಎ ತೆಗೆಯುವುದು ಮೇಲು. ಮೊದಲೇ 1 ಅಥವಾ 2 ಮಿಲಿಲೀಟರ್‌ನಂತೆ ಭಾಗ ಮಾಡಿಟ್ಟಿದ್ದರೆ ನಷ್ಟ ಕಡಿಮೆ. ತಾನೇ ಕರಗಿಸಿಕೊಳ್ಳುವ ಮನೆ ಮಾದರಿಯ ಫ್ರಿಜ್ಜಿನ ಫ್ರೀಜರಿನಲ್ಲಿ ಪ್ಲಾಸ್ಮಾ ಇಡಲೇಬೇಡಿ.

## ಎಷ್ಟಿದೆ?

ನ್ಯಾನೊಡ್ರಾಪ್‌ನಲ್ಲಿ 14 ಬಂತು, ಕ್ಯೂಬಿಟ್‌ನಲ್ಲಿ 0.42. ಯಾವುದನ್ನ ನಂಬೋದು ಮೇಡಂ?

ಕ್ಯೂಬಿಟ್. ಎರಡೂ ಡಿಎನ್‌ಎ ಎಷ್ಟಿದೆ ಎಂದು ಅಳೆಯುವ ಮಷಿನ್ನುಗಳೇ, ಆದರೆ ನ್ಯಾನೊಡ್ರಾಪ್ 260 ನ್ಯಾನೊಮೀಟರ್ ಬೆಳಕನ್ನು ಹೀರುವ ಎಲ್ಲವನ್ನೂ ಎಣಿಸುತ್ತದೆ. ಡಿಎನ್‌ಎ ತೆಗೆಯುವ ಹಲವು ಕಿಟ್‌ಗಳಲ್ಲಿ ಮಾದರಿಗೆ ಸುಮಾರು 1 ಮೈಕ್ರೊಗ್ರಾಂ ಕ್ಯಾರಿಯರ್ ಆರ್‌ಎನ್‌ಎ ಹಾಕುತ್ತೀರಿ. ಅದೆಲ್ಲ ಕೊನೆಯಲ್ಲಿ ಡಿಎನ್‌ಎಯನ್ನು ಇಳಿಸಿಕೊಳ್ಳುವ 50 ಮೈಕ್ರೊಲೀಟರ್‌ಗೆ ಇಳಿದರೆ ಮೈಕ್ರೊಲೀಟರ್‌ಗೆ 20 ನ್ಯಾನೊಗ್ರಾಂ. ನಿಮ್ಮ 14 ಬಹುತೇಕ ಅದೇ. ಜೊತೆಗೆ ಮೈಕ್ರೊಲೀಟರ್‌ಗೆ 2 ನ್ಯಾನೊಗ್ರಾಂ ಕೆಳಗೆ ನ್ಯಾನೊಡ್ರಾಪ್ ಹೇಳುವುದಕ್ಕೆ ಅರ್ಥವಿಲ್ಲ, ಸಿಎಫ್‌ಡಿಎನ್‌ಎ ಇರುವುದೇ ಅದರ ಕೆಳಗೆ. ಕ್ಯೂಬಿಟ್‌ನ ಬಣ್ಣ ಎರಡೆಳೆಯ ಡಿಎನ್‌ಎಗೆ ಅಂಟಿದಾಗ ಮಾತ್ರ ಹೊಳೆಯುತ್ತದೆ. ಒಂದೆಳೆಯದ್ದು ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ಡಿಎನ್‌ಎಯನ್ನು ಬಿಸಿ ಮಾಡಿ ಓದಬೇಡಿ.

ಕ್ಯೂಬಿಟ್ ಓದು ಒಂದೊಂದು ಸಲ ಒಂದೊಂದು ಬರುತ್ತೆ. ಎಲ್ಲಿ ತಪ್ಪಾಗ್ತಿದೆ?

ಕೆಲಸದ ಕ್ರಮದಲ್ಲೇ ನೋಡೋಣ. ಕ್ಯೂಬಿಟ್‌ನ ಎಚ್‌ಎಸ್ (ಹೈ ಸೆನ್ಸಿಟಿವಿಟಿ) ಕಿಟ್‌ನ ಬಣ್ಣ ಡಿಎಂಎಸ್ಒ ಎಂಬ ದ್ರಾವಕದಲ್ಲಿ ಇರುವುದರಿಂದ ಫ್ರಿಜ್ಜಿನಲ್ಲಿ ಗಟ್ಟಿಯಾಗಿರುತ್ತದೆ. ಪೂರ್ತಿ ಕರಗುವ ತನಕ ಕತ್ತಲಲ್ಲಿಟ್ಟು, ಒಮ್ಮೆ ಸ್ಪಿನ್ ಕೊಟ್ಟು ತೆಗೆಯಿರಿ. ಅರ್ಧ ಕರಗಿದ್ದನ್ನು ಪಿಪೆಟ್ ಮಾಡಿದ ದಿನ ಎಲ್ಲ ಓದೂ ಕೆಡುತ್ತದೆ.

ಹತ್ತು ಮಾದರಿ, ಎರಡು ಸ್ಟ್ಯಾಂಡರ್ಡ್ ಇದ್ದರೆ ಹದಿಮೂರಕ್ಕೆ ಕಲಸಿ: 2,587 ಮೈಕ್ರೊಲೀಟರ್ ಬಫರ್, 13 ಮೈಕ್ರೊಲೀಟರ್ ಬಣ್ಣ. ಪ್ಲಾಸ್ಟಿಕ್ ಟ್ಯೂಬಿನಲ್ಲೇ ಕಲಸಿ, ಗಾಜಿನದು ಬೇಡ. ಸ್ಟ್ಯಾಂಡರ್ಡಿನ ಟ್ಯೂಬಿಗೆ ಈ ಕಲಸಿದ್ದು 190 ಮೈಕ್ರೊಲೀಟರ್, ಸ್ಟ್ಯಾಂಡರ್ಡ್ 10. ಮಾದರಿಯ ಟ್ಯೂಬಿಗೆ ಕಲಸಿದ್ದು 195, ಮಾದರಿ 5. ಕಿಟ್‌ನ ಅಳತೆಯ ವ್ಯಾಪ್ತಿ ಟ್ಯೂಬಿಗೆ 0.2ರಿಂದ 100 ನ್ಯಾನೊಗ್ರಾಂ. 0.42ರ ಮಾದರಿಯ 1 ಮೈಕ್ರೊಲೀಟರ್ ಹಾಕಿದರೆ ಅಂಚಿನಲ್ಲಿರುತ್ತೀರಿ, 5 ಹಾಕಿದರೆ 2.1 ನ್ಯಾನೊಗ್ರಾಂ, ನೆಮ್ಮದಿ. ಒಂದು ಮೈಕ್ರೊಲೀಟರ್ ಪಿಪೆಟ್ ಮಾಡುವುದರಲ್ಲೇ ಬೇಕಾದಷ್ಟು ತಪ್ಪಾಗುತ್ತದೆ.

ಎರಡು–ಮೂರು ಸೆಕೆಂಡ್ ವೋರ್ಟೆಕ್ಸ್, ಎರಡು ನಿಮಿಷ ಕಾಯುವುದು, ಓದುವುದು. 0.5 ಮಿಲಿಲೀಟರ್‌ನ ತೆಳು ಗೋಡೆಯ ಪಾರದರ್ಶಕ ಟ್ಯೂಬೇ ಆಗಬೇಕು. ಹೆಸರನ್ನು ಮುಚ್ಚಳದ ಮೇಲೆ ಬರೆಯಿರಿ, ಪಕ್ಕದಲ್ಲಿ ಬರೆದರೆ ಶಾಯಿ ಬೆಳಕಿಗೆ ಅಡ್ಡ. ಟ್ಯೂಬನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತರೆ ಬಿಸಿಯಾಗಿ ಓದು ಇಳಿಯುತ್ತದೆ. ತಳದಲ್ಲಿ ಗುಳ್ಳೆ ಇದ್ದರೆ ತಟ್ಟಿ ಬಿಡಿಸಿ.

0.42ರಿಂದ ರೋಗಿಯ ಪ್ಲಾಸ್ಮಾದ ಅಂಕಿಗೆ ಹೋಗೋದು ಹೇಗೆ?

ಇಳಿಸಿದ ಬಫರಿನ ಪ್ರಮಾಣದಿಂದ ಗುಣಿಸಿ, ಪ್ಲಾಸ್ಮಾದ ಪ್ರಮಾಣದಿಂದ ಭಾಗಿಸಿ. 4 ಮಿಲಿಲೀಟರ್ ಪ್ಲಾಸ್ಮಾದಿಂದ 50 ಮೈಕ್ರೊಲೀಟರ್‌ಗೆ ಇಳಿಸಿದ್ದರೆ 0.42 × 50 = 21 ನ್ಯಾನೊಗ್ರಾಂ. 21 ÷ 4 = ಮಿಲಿಲೀಟರ್‌ಗೆ 5.25. ಒಂದು ಹ್ಯಾಪ್ಲಾಯ್ಡ್ ಜೀನೋಮಿನ, ಅಂದರೆ ಕ್ರೋಮೋಸೋಮುಗಳ ಒಂದು ಸೆಟ್ಟಿನ, ತೂಕ 3.3 ಪಿಕೋಗ್ರಾಂ, ಆದ್ದರಿಂದ 1 ನ್ಯಾನೊಗ್ರಾಂಗೆ ಸುಮಾರು 303 ಪ್ರತಿ. ಮಿಲಿಲೀಟರ್‌ಗೆ ಸುಮಾರು 1,590 ಪ್ರತಿ ಆಯಿತು.

ರಿಪೋರ್ಟಿನಲ್ಲಿ ‘ಮಿಲಿಲೀಟರ್’ ಎಂದಷ್ಟೇ ಬರೆಯಬೇಡಿ. ಪ್ಲಾಸ್ಮಾದ ಮಿಲಿಲೀಟರ್ ಎಂದು ಬರೆಯಿರಿ. ರಕ್ತದ್ದು ಎಂದುಕೊಂಡವರಿಗೆ ಅಂಕಿ ಹೆಚ್ಚುಕಮ್ಮಿ ಅರ್ಧಕ್ಕರ್ಧ ತಪ್ಪುತ್ತದೆ.

ಡಿಡಿಪಿಸಿಆರ್ ಮಾಡಿದ್ರೆ ಕ್ಯೂಬಿಟ್‌ಗಿಂತ ಕಡಿಮೆ ಪ್ರತಿ ಬರುತ್ತೆ. ಮಷಿನ್ ಕೆಟ್ಟಿದೆಯಾ?

ಇಲ್ಲ, ಹಾಗೆಯೇ ಬರಬೇಕು. ಡಿಡಿಪಿಸಿಆರ್ ಅಂದರೆ ಮಾದರಿಯನ್ನು ಸಾವಿರಾರು ಹನಿಗಳಾಗಿ ಒಡೆದು, ಹನಿಹನಿಯಲ್ಲೂ ಪಿಸಿಆರ್ ನಡೆಸಿ, ಹೊಳೆದ ಹನಿಗಳನ್ನು ಎಣಿಸುವುದು. ಕ್ಯೂಬಿಟ್ ಎಲ್ಲ ಚೂರನ್ನೂ ತೂಗುತ್ತದೆ. ಪಿಸಿಆರ್‌ಗೆ ಎರಡೂ ಪ್ರೈಮರ್ (ನಕಲು ಶುರುಮಾಡುವ ಗಿಡ್ಡ ಡಿಎನ್‌ಎ ಎಳೆಗಳು) ಒಂದೇ ಚೂರಿನೊಳಗೆ ಕೂರಬೇಕು. ಹೀಗೆ ನಕಲಾಗುವ ಭಾಗವೇ ಗುರಿ. 167 ಬೇಸ್ ಜೋಡಿಯ ಚೂರಿನಲ್ಲಿ 70 ಬೇಸ್ ಜೋಡಿಯ ಗುರಿ ಪೂರ್ತಿ ಉಳಿದಿರುವ ಪಾಲು (167 − 70 + 1) ÷ 167, ಅಂದರೆ ಶೇ 59. ಗುರಿಯನ್ನು 120ಕ್ಕೆ ಉದ್ದ ಮಾಡಿದರೆ ಶೇ 29ಕ್ಕೆ ಬಿತ್ತು. ಆದ್ದರಿಂದ ಪ್ರೈಮರ್ ಮಾಡಿಸುವಾಗಲೇ ಗುರಿ 60–80ರೊಳಗೆ ಇರಲಿ, ರಿಪೋರ್ಟಿನಲ್ಲಿ ಅದರ ಉದ್ದವನ್ನೂ ಬರೆಯಿರಿ. ಗುರಿಯ ಉದ್ದ ಹೇಳದ ‘ಪ್ರತಿ’ಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲಾಗದು.

ಎಣಿಕೆಯ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಿ. 20,000 ಹನಿಗಳಲ್ಲಿ 2,000 ಹೊಳೆದರೆ ಹೊಳೆಯದವುಗಳ ಪಾಲು 0.9. ಅದರ ಸಹಜ ಲಾಗರಿದಮ್ಮಿನ ಋಣ 0.105, ಹನಿಗೆ ಅಷ್ಟು ಪ್ರತಿ. ಹನಿಯ ಗಾತ್ರ 0.85 ನ್ಯಾನೊಲೀಟರ್, ಹಾಗಾಗಿ ರಿಯಾಕ್ಷನ್ನಿನ ಮೈಕ್ರೊಲೀಟರ್‌ಗೆ ಸುಮಾರು 124 ಪ್ರತಿ. ಒಟ್ಟು ಹನಿ 10,000ಕ್ಕಿಂತ ಕಡಿಮೆ ಬಂದ ಬಾವಿಯನ್ನು (ತಟ್ಟೆಯ ಗುಳಿಯನ್ನು) ಕೈಬಿಡಿ.

## ಎಷ್ಟುದ್ದವಿದೆ?

ಅಗರೋಸ್ ಜೆಲ್‌ನಲ್ಲಿ ನೋಡಿದ್ರೆ ಸಾಲದಾ?

ಸಾಲದು. ಒಟ್ಟು ಇರುವುದೇ 20 ನ್ಯಾನೊಗ್ರಾಂ, ಅದನ್ನೆಲ್ಲ ಜೆಲ್ಲಿಗೆ ಸುರಿದರೆ ಮುಂದಿನ ಕೆಲಸಕ್ಕೆ ಏನೂ ಉಳಿಯದು, ಕಂಡರೂ ಮಸುಕು ಪಟ್ಟೆ.

ಬಯೋಅನಲೈಸರ್, ಟೇಪ್‌ಸ್ಟೇಷನ್ ಗ್ರಾಫ್ ಓದೋದು ಹೇಗೆ? 167ರ ಶಿಖರ ಇದೆ, ಬಲಗಡೆಯೂ ಒಂದು ಗುಡ್ಡ ಇದೆ.

ಎರಡೂ ಡಿಎನ್‌ಎ ಚೂರುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ಗ್ರಾಫ್ ಕೊಡುವ ಮಷಿನ್ನುಗಳು. ಬಯೋಅನಲೈಸರಿನ ಹೈ ಸೆನ್ಸಿಟಿವಿಟಿ ಚಿಪ್‌ಗೆ ಮಾದರಿ 1 ಮೈಕ್ರೊಲೀಟರ್ ಸಾಕು, ಹನ್ನೊಂದು ಮಾದರಿ ಹಿಡಿಯುತ್ತದೆ. ಎರಡು ತುದಿಯಲ್ಲಿ ಕಾಣುವ 35 ಮತ್ತು 10,380ರ ಚೂಪು ಶಿಖರಗಳು ಅದರದೇ ಗುರುತುಗಳು, ಅವು ನಿಮ್ಮ ಡಿಎನ್‌ಎ ಅಲ್ಲ. ಟೇಪ್‌ಸ್ಟೇಷನ್ನಿನ ಸಿಎಫ್‌ಡಿಎನ್‌ಎ ಟೇಪಿಗೆ 2 ಮೈಕ್ರೊಲೀಟರ್ ಮಾದರಿ, 2 ಮೈಕ್ರೊಲೀಟರ್ ಬಫರ್. ರಾಸಾಯನಿಕಗಳನ್ನು ಅರ್ಧ ಗಂಟೆ ಹೊರಗಿಟ್ಟು ಕೋಣೆಯ ತಾಪಕ್ಕೆ ತರದಿದ್ದರೆ ಎಲ್ಲ ಶಿಖರವೂ ಒಂದೇ ಕಡೆಗೆ ಜರುಗುತ್ತವೆ. ಒಂದೇ ಮಾದರಿ ಜರುಗಿದ್ದರೆ ಉಪ್ಪಿನಂಶವನ್ನೋ ಗುಳ್ಳೆಯನ್ನೋ ಅನುಮಾನಿಸಿ. 172 ಬಂತು, 163 ಬಂತು ಎಂದು ಗಾಬರಿ ಬೇಡ, ಈ ಮಷಿನ್ನುಗಳ ಉದ್ದದ ಅಳತೆಯಲ್ಲಿ ಅಷ್ಟು ಆಚೀಚೆ ಇದ್ದೇ ಇರುತ್ತದೆ.

ಬಲಗಡೆಯ ಗುಡ್ಡ ಸಾವಿರಾರು ಬೇಸ್ ಜೋಡಿಯಲ್ಲಿದ್ದರೆ ಅದು ಬಿಳಿಕಣದ್ದು. ಆಗ ಕ್ಯೂಬಿಟ್‌ನ 0.42 ಅಂಕಿಯನ್ನು ಹಾಗೇ ತೆಗೆದುಕೊಳ್ಳಬೇಡಿ. 50ರಿಂದ 700ರ ನಡುವಿನ ಪಾಲು ಶೇಕಡಾ ಎಷ್ಟೆಂದು ಸಾಫ್ಟ್‌ವೇರ್ ಹೇಳುತ್ತದೆ, ಅದರಿಂದ ಗುಣಿಸಿ. ಪಾಲು ಶೇ 60 ಆದರೆ ನಿಜವಾದ ಸಿಎಫ್‌ಡಿಎನ್‌ಎ 0.25. ಉದ್ದವನ್ನು ನೋಡದೆ ಪ್ರಮಾಣವನ್ನು ಹೇಳಬಾರದು ಎಂದು ನಾವು ಪಟ್ಟು ಹಿಡಿಯುವುದು ಇದಕ್ಕೇ. ಉದ್ದ ಚೂರುಗಳನ್ನು ಮ್ಯಾಗ್ನೆಟಿಕ್ ಬೀಡ್‌ಗಳಿಂದ ಹಿಡಿದು ಬಿಸಾಡಬಹುದು. ಆದರೆ ಬಿಳಿಕಣದಿಂದಲೇ ಬಂದ ಗಿಡ್ಡ ಚೂರುಗಳನ್ನು ಅದು ತೆಗೆಯಲಾರದು.

ಅಷ್ಟು ದುಬಾರಿ ಮಷಿನ್ ನಮ್ಮ ಕಾಲೇಜಲ್ಲಿಲ್ಲ. ರಿಯಲ್‌ಟೈಮ್ ಪಿಸಿಆರ್ ಮಾತ್ರ ಇದೆ.

ಆಲು ಎಂಬ, ಜೀನೋಮಿನಲ್ಲಿ ಮತ್ತೆ ಮತ್ತೆ ಬರುವ ಡಿಎನ್‌ಎ ಅನುಕ್ರಮದ ಎರಡು ಗುರಿಗಳನ್ನು ಅಳೆಯಿರಿ: 115ರದು ಒಂದು, 247ರದು ಇನ್ನೊಂದು. 115ರದು ಗಿಡ್ಡ, ಉದ್ದ ಎರಡನ್ನೂ ಎಣಿಸುತ್ತದೆ. 167ರ ಚೂರಿನಲ್ಲಿ 247 ಹಿಡಿಯುವುದಿಲ್ಲವಾದ್ದರಿಂದ ಅದು ಉದ್ದದ್ದನ್ನು ಮಾತ್ರ ಎಣಿಸುತ್ತದೆ. 247ರ ಅಂಕಿಯನ್ನು 115ರದರಿಂದ ಭಾಗಿಸಿದ ಅನುಪಾತ ಸೊನ್ನೆಗೆ ಹತ್ತಿರವಿದ್ದರೆ ಮಾದರಿ ಚೊಕ್ಕಟ, 1ರ ಕಡೆ ಏರಿದರೆ ಉದ್ದ ಡಿಎನ್‌ಎ ಇದೆ. ಅದು ಗಡ್ಡೆಯ ಸತ್ತ ಭಾಗದಿಂದ ಬಂದದ್ದೋ ತಡವಾದ ಟ್ಯೂಬಿನದ್ದೋ ಎಂದು ಈ ಅನುಪಾತವೊಂದೇ ಹೇಳದು. ಕೋಲಾರ ಸೀಮೆಯ ಬಾಯಿ ಕ್ಯಾನ್ಸರ್ ಮಾದರಿಗಳಲ್ಲಿ ಕೆಲಸ ಮಾಡುವವರು ರೋಗಿಗಳ ಟ್ಯೂಬನ್ನೂ ಆರೋಗ್ಯವಂತರ ಟ್ಯೂಬನ್ನೂ ಒಂದೇ ಹೊತ್ತಿಗೆ, ಒಂದೇ ರೀತಿ ಸ್ಪಿನ್ ಮಾಡದಿದ್ದರೆ ಸಿಗುವುದು ರೋಗದ ವ್ಯತ್ಯಾಸವಲ್ಲ, ಕಾದ ಹೊತ್ತಿನ ವ್ಯತ್ಯಾಸ.

ಜೀನೋಮಿನಲ್ಲಿ ಆಲು ಹತ್ತು ಲಕ್ಷಕ್ಕೂ ಹೆಚ್ಚು ಕಡೆ ಇರುವುದರಿಂದ ತೀರಾ ಕಡಿಮೆ ಡಿಎನ್‌ಎಯೂ ಸಿಕ್ಕಿಬೀಳುತ್ತದೆ. ಪಿಪೆಟ್ ಹಿಡಿದವರ ಚರ್ಮದ್ದೂ ಸಿಕ್ಕಿಬೀಳುತ್ತದೆ. ನೀರು ಮಾತ್ರ ಹಾಕಿದ ಬಾವಿಯಲ್ಲೂ ತಡವಾಗಿ ಗೆರೆ ಏಳುವುದು ಅದಕ್ಕೇ. ಮಾದರಿ ಆ ಗೆರೆಗಿಂತ ಬಹಳ ಮೊದಲೇ ಏಳಬೇಕು.

ಸೀಕ್ವೆನ್ಸಿಂಗ್‌ನಲ್ಲಿ ಸೈಜ್ ಇನ್ನೂ ಸರಿಯಾಗಿ ಸಿಗುತ್ತಾ?

ಎರಡೂ ತುದಿ ಓದಿದರೆ ಒಂದೊಂದು ಬೇಸಿನ ಲೆಕ್ಕಕ್ಕೆ ಸಿಗುತ್ತದೆ. 147ಕ್ಕಿಂತ ಕೆಳಗೆ ಹತ್ತು ಹತ್ತು ಬೇಸಿಗೊಂದರಂತೆ ಸಣ್ಣ ಹಲ್ಲುಗಳು ಕಾಣುವುದು ಅಲ್ಲಿ ಮಾತ್ರ, ಹಿಸ್ಟೋನಿನ ಮೇಲೆ ಡಿಎನ್‌ಎ ತಿರುಗಿದ ಗುರುತು ಅದು. ಭ್ರೂಣದ ಚೂರುಗಳು 143ರ ಕಡೆ ವಾಲುತ್ತವೆ, ಗಡ್ಡೆಯವು 90–150ರಲ್ಲಿ ಹೆಚ್ಚು. ಆದರೆ ಲೈಬ್ರರಿ ಮಾಡುವಾಗ, ಅಂದರೆ ಸೀಕ್ವೆನ್ಸಿಂಗಿಗೆ ಚೂರುಗಳನ್ನು ಸಿದ್ಧಪಡಿಸುವಾಗ, ಬೀಡ್ ಕಡಿಮೆ ಹಾಕಿದರೆ ಈ ಗಿಡ್ಡವೇ ಮೊದಲು ತೊಳೆದುಹೋಗುತ್ತವೆ. ಅಡಾಪ್ಟರ್ (ಚೂರಿನ ತುದಿಗೆ ಅಂಟಿಸುವ ಗಿಡ್ಡ ಡಿಎನ್‌ಎ) ಸೇರಿದ ಮೇಲೆ ಶಿಖರ 290ರ ಸುತ್ತ ಕಂಡರೆ ಅದು ಸರಿಯೇ, 167ಕ್ಕೆ 120ರಷ್ಟು ಸೇರಿರುತ್ತದೆ.

ಗರ್ಭಿಣಿಯರ ಮಾದರಿಯಲ್ಲಿ ಭ್ರೂಣದ ಪಾಲು ಅಳೆಯೋಕೆ ವೈ ಕ್ರೋಮೋಸೋಮ್ ಪ್ರೈಮರ್ ಸುಲಭ ಅಲ್ವಾ?

ಸುಲಭ, ಆದರೆ ಹಾಕಬೇಡಿ. ಅದು ಮಗುವಿನ ಲಿಂಗವನ್ನೇ ಹೇಳಿಬಿಡುತ್ತದೆ. 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಂತೆ ಲಿಂಗ ಪತ್ತೆ ಅಪರಾಧ. ಆರ್‌ಎಎಸ್‌ಎಸ್‌ಎಫ್1ಎ ಜೀನಿನ ಮೆಥಿಲೇಷನ್ (ಡಿಎನ್‌ಎ ಮೇಲೆ ಕೂರುವ ರಾಸಾಯನಿಕ ಗುರುತು) ಬಳಸಿ: ಮಾಸುಚೀಲದಿಂದ ಬಂದದ್ದರಲ್ಲಿ ಮೆಥಿಲ್ ಇದೆ, ತಾಯಿಯ ರಕ್ತಕಣದ್ದರಲ್ಲಿ ಇಲ್ಲ. ಮೆಥಿಲ್ ಇಲ್ಲದ್ದನ್ನು ಮಾತ್ರ ಕತ್ತರಿಸುವ ಕಿಣ್ವ ಹಾಕಿ, ಉಳಿದದ್ದನ್ನು ಎಣಿಸಿದರಾಯಿತು. ಗಂಡಾಗಲಿ ಹೆಣ್ಣಾಗಲಿ ಇದು ನಡೆಯುತ್ತದೆ, ವೈ ಪ್ರೈಮರ್ ಹೆಣ್ಣು ಭ್ರೂಣದಲ್ಲಿ ಹೇಗೂ ಕೆಲಸ ಮಾಡದು.

21 ನ್ಯಾನೊಗ್ರಾಂ ಇದೆ. ಶೇ 0.1ರ ಮ್ಯುಟೇಷನ್ ಸಿಗುತ್ತಾ?

ಸಿಗಬಹುದು, ಅಂಚಿನಲ್ಲಿದ್ದೀರಿ. 21 ನ್ಯಾನೊಗ್ರಾಂ ಅಂದರೆ ಸುಮಾರು 6,360 ಪ್ರತಿ. ಅದರಲ್ಲಿ ಮ್ಯುಟೇಷನ್ ಇರುವವು ಶೇ 0.1, ಅಂದರೆ ಆರು ಚಿಲ್ಲರೆ. 70ರ ಗುರಿಗೆ ಅದರ ಶೇ 59 ಸಿಕ್ಕರೆ 3.8. ಇಡೀ 50 ಮೈಕ್ರೊಲೀಟರ್ ಹಾಕಿದರೂ ಒಂದೂ ಸಿಗದಿರುವ ಸಂಭವ ಶೇ 2ರಷ್ಟು. ಅರ್ಧ ಮಾತ್ರ ಹಾಕಿದರೆ ಶೇ 15. ಶೇ 0.01ರ ಮ್ಯುಟೇಷನ್ ಆದರೆ ಎಲ್ಲವನ್ನೂ ಹಾಕಿದರೂ ಮೂರರಲ್ಲಿ ಎರಡು ಸಲ ಕೈಗೆ ಸಿಗದು, ಎಂಥ ಮಷಿನ್ ತಂದರೂ ಅಷ್ಟೇ. ಟ್ಯೂಬಿನಲ್ಲೇ ಇಲ್ಲದ ಪ್ರತಿಯನ್ನು ಯಾವ ಮಷಿನ್ನೂ ಎಣಿಸಲಾರದು. ಅಂಥ ಕೆಲಸವಿದ್ದರೆ ಮೊದಲೇ ಎರಡು ಟ್ಯೂಬು ರಕ್ತ ಕೇಳಿ, ಎಂಟು ಮಿಲಿಲೀಟರ್ ಪ್ಲಾಸ್ಮಾ ಒಟ್ಟಿಗೆ ಒಂದೇ ಕಾಲಮ್ಮಿಗೆ ಹಾಕಿ ಕಡಿಮೆ ಬಫರಿಗೆ ಇಳಿಸಿ. ಕಾಲಮ್ಮಿಗೆ ಐದೇ ಮಿಲಿಲೀಟರ್ ಹಿಡಿಯುವ ಕಿಟ್ ಆದರೆ ಎರಡು ಕಾಲಮ್ಮಿಗೆ ಹಂಚಿ, ಇಳಿಸಿದ್ದನ್ನು ಸೇರಿಸಿ. ಮತ್ತೆ, ಗ್ವಾನಿಡಿನ್ ಇರುವ ಆ ಕಿಟ್‌ನ ಉಳಿಕೆ ದ್ರವಕ್ಕೆ ಹೈಪೋಕ್ಲೋರೈಟ್ ಸುರಿಯಬೇಡಿ, ವಿಷಾನಿಲ ಏಳುತ್ತದೆ. ಅದನ್ನು ಬೇರೆ ಕ್ಯಾನಿನಲ್ಲಿ ಹಿಡಿದು ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ.